ಆರು ಪೆನ್ನಿಯ ಮಗ

ನಿಮ್ಮ ಹಗೆಯ ದಂಡವನ್ನು ನಿಮ್ಮ ಆರೈಕೆ ಮಾಡಿದವರೇ ತೆರಲಿ ಎಂದು ತೀರ್ಮಾನಿಸುವ ಅಧಿಕಾರವನ್ನು ನಿಮಗೆ ಕೊಟ್ಟವರು ಯಾರು?

ಜೋನಿ ಸ್ಕಿಲಿಕಾರ್ನ್ ಎಂಬ ವಿಧವೆಯನ್ನು ಈ ಪ್ರಶ್ನೆ ಯಾರೂ ಕೇಳಲಿಲ್ಲ. ಕೇಳಬೇಕಾದವಳು ಮಗಳು ಈಲಿಶ್. ಅವಳಿಗೋ ತಾಯಿಯ ಬೆನ್ನಿನ ಹುಣ್ಣು ತೊಳೆದು, ಹಸುವಿನ ಹಾಲು ಕರೆದು, ಮಗ್ಗದ ಮುಂದೆ ಕೂರುವಷ್ಟರಲ್ಲಿ ಹಗಲೇ ಮುಗಿಯುತ್ತಿತ್ತು.

ಮ್ಯಾನ್ ದ್ವೀಪದ ಕಾನೂನಿನಂತೆ ತಂದೆ ಸತ್ತೊಡನೆ ಹೊಲಮನೆಯೆಲ್ಲ ಅಣ್ಣ ಫಿನ್ಲೋನ ಪಾಲಾಗಿತ್ತು. ವಿಧವೆಗೆ ಉಸಿರಿರುವ ತನಕ ಮನೆಯಲ್ಲಿ ಅರ್ಧ. ಫಿನ್ಲೋ ಆ ಅರ್ಧವನ್ನು ಬಾಯಿಮಾತಿಗೆ ಬಿಡಲಿಲ್ಲ. ಹಗ್ಗ ಹಿಡಿದು ಅಳೆಸಿ, ನಡುಮನೆಗೆ ಅಡ್ಡಲಾಗಿ ಕಲ್ಲಿನ ಗೋಡೆ ಎಬ್ಬಿಸಿದ. ಒಲೆ ಅವನ ಕಡೆಗೆ ಹೋಯಿತು.

“ಅರ್ಧ ಅಂದ್ರೆ ಅರ್ಧ ಕಣವ್ವ. ಒಲೆ ನನ್ನ ಕಡೆ ಬಂದ್ರೆ ನಾನೇನು ಮಾಡ್ಲಿ?” ಎಂದಿದ್ದ.

ಹೊಗೆಗಿಂಡಿಯೂ ಇಲ್ಲದ ಕೋಣೆಯಲ್ಲಿ ಆ ಚಳಿಗಾಲವನ್ನು ಕಳೆದ ಜೋನಿ, ಇಗರ್ಜಿಯ ಬಾಗಿಲಲ್ಲಿ ಊರೆಲ್ಲ ಕೇಳುವಂತೆ ಆಣೆಯಿಟ್ಟಳು: “ಈ ಬಾಯಿಗೆ ಮಣ್ಣು ಬೀಳೋವರೆಗೂ ಆ ಹೆಸರು ಇದರೊಳಗಿಂದ ಬರಲ್ಲ.” ಅಂದಿನಿಂದ ಮಗ ಬರಿಯ ‘ಗೋಡೆಯಾಚೆಯವನು’ ಆದ.

ಅವಳ ಸ್ವಂತದ್ದೆಂದರೆ ಒಂದು ಹಸು, ಒಂದು ಮಗ್ಗ, ಹಾಸಿಗೆ, ಪಾತ್ರೆ, ಒಂದಿಷ್ಟು ಉಣ್ಣೆ. ಅವನ್ನು ಇಬ್ಬರು ಸಾಕ್ಷಿಗಳ ಮುಂದೆ ಬಾಯಿಬಿಟ್ಟು ಹೇಳಿ ಯಾರಿಗೆ ಬೇಕಾದರೂ ಕೊಡಬಹುದಿತ್ತು. ಈಲಿಶ್‌ಗೆ ಬೇಕಾಗಿದ್ದದ್ದೂ ಅಷ್ಟೇ. ತಾಯಿ ಕಣ್ಣು ಮುಚ್ಚಿದ ದಿನ ಮನೆಯ ಈ ಅರ್ಧವೂ ಅಣ್ಣನದು. ಹಸುವೂ ಮಗ್ಗವೂ ಇದ್ದರೆ ಮೀನುಗಾರರ ಬೀದಿಯಲ್ಲೊಂದು ಕೋಣೆ ಹಿಡಿದು, ನೇಯ್ದು ಬದುಕಬಹುದು. ಇಲ್ಲದಿದ್ದರೆ, ದಿಕ್ಕಿಲ್ಲದವರಿಗೆ ಆಶ್ರಯಮನೆಯೂ ಇಲ್ಲದ ಆ ದ್ವೀಪದಲ್ಲಿ, ಚೀಲ ಹೊತ್ತು ಮನೆಮನೆಯ ಬಾಗಿಲಲ್ಲಿ ಒಂದೊಂದು ಹಿಡಿ ಹಿಟ್ಟು ಬೇಡಬೇಕು.

ಹೆರಿಂಗ್ ಮೀನಿನ ಸುಗ್ಗಿಯಲ್ಲಿ ಜೋನಿಗೆ ಮಾತು ತೊದಲತೊಡಗಿತು. ಈಲಿಶ್ ಇಗರ್ಜಿಯ ಗುಮಾಸ್ತ ಕ್ರೆಗೀನನನ್ನೂ ಪಕ್ಕದ ಮನೆಯ ಮೀನುಗಾರ ಹಾಮಿಯನ್ನೂ ಕರೆತಂದಳು.

“ಏನವ್ವ ಜೋನಿ, ಊರಿಗೆಲ್ಲ ಬುದ್ಧಿ ಹೇಳಿದ ಬಾಯಿಗೆ ಈಗ ಬೀಗ ಹಾಕ್ಕೊಂಡ್ಬಿಟ್ಯಾ?” ಎಂದ ಹಾಮಿ.

“ನಿನ್ನ ಬಲೆಗಿಂತ ಗಟ್ಟಿಯಾಗಿದೆ ಕಣೋ,” ಎಂದಳು ಮುದುಕಿ. “ಬರ್ಕೊಳ್ಳಿ. ಹಸು ಈಲಿಶ್‌ಗೆ. ಮಗ್ಗ ಈಲಿಶ್‌ಗೆ. ಉಣ್ಣೆ, ಹಾಸಿಗೆ, ಮಡಕೆ, ಕುಡಿಕೆ, ಎಲ್ಲ ಈಲಿಶ್‌ಗೆ. ಮುಗೀತು.”

“ಮುಗೀಲಿಲ್ಲ ತಾಯಿ,” ಎಂದ ಕ್ರೆಗೀನ್. “ಇನ್ನೊಂದು ಕುಡಿ ಇದೆಯಲ್ಲ. ಅವನ ಹೆಸರು ಹಿಡಿದು ಆರು ಪೆನ್ನಿ ಅಂದ್ಬಿಡು. ಆಮೇಲೆ ಅವನು ಎಷ್ಟು ಕೂಗಾಡಿದ್ರೂ ನಡೆಯಲ್ಲ.”

ಇದು ಆ ದ್ವೀಪದ ಹಸುಳೆಗೂ ತಿಳಿದ ಸಂಗತಿ. ಹೊಟ್ಟೆಯಲ್ಲಿ ಹುಟ್ಟಿದವರನ್ನು ಉಯಿಲಿನಿಂದ ಹೊರಗಿಡಬೇಕಾದರೆ ಹೆಸರು ಹೇಳಿ ಆರು ಪೆನ್ನಿಯನ್ನಾದರೂ ಕೊಡಬೇಕು. ಹೆಸರೇ ಎತ್ತದೆ ಬಿಟ್ಟರೆ ಉಯಿಲೇ ಮುರಿದು ಬೀಳುತ್ತದೆ, ಬಿಟ್ಟವನಿಗೆ ಸರಿಪಾಲು ಸಿಗುತ್ತದೆ.

“ಗೋಡೆಯಾಚೆಯವನಿಗೆ ಆರು ಪೆನ್ನಿ.”

“ಹಾಗಂದ್ರೆ ನಡೆಯಲ್ಲ ತಾಯಿ. ಹೆಸರು ಬೇಕು.”

ಈಲಿಶ್ ತಾಯಿಯ ಕೈಯನ್ನು ಕೆನ್ನೆಗೊತ್ತಿಕೊಂಡಳು. “ಒಂದೇ ಒಂದ್ಸಲ ಅವ್ವಾ. ಆಣೆ ಮುರಿದ ಪಾಪ ನಂಗಿರ್ಲಿ.”

ಮುದುಕಿ ಮಗಳತ್ತ ಮುಖ ತಿರುಗಿಸಿದಳು. ತುಟಿ ಅಲುಗಿತು. ಕ್ರೆಗೀನ್ ಬಾಗಿ ಕಿವಿಗೊಟ್ಟ.

ಅಷ್ಟರಲ್ಲಿ ಫಿನ್ಲೋ ಬಾಗಿಲಲ್ಲಿ ತಲೆ ತಗ್ಗಿಸಿ ಒಳಬಂದ. ಗೋಡೆಗೆ ಕಿವಿಯಿಟ್ಟು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಟೋಪಿ ತೆಗೆದು ಮಂಚದ ಬಳಿ ಮಂಡಿಯೂರಿದ.

“ಅನ್ನವ್ವಾ. ನಿನ್ನ ಬಾಯಿಂದ ನನ್ನ ಹೆಸರು ಕೇಳೋಕೇ ಇಷ್ಟು ವರ್ಷ ಕಾದೆ. ಆರು ಪೆನ್ನಿ ಸಾಕು ನಂಗೆ.”

ಅವನ ಕಣ್ಣು ಒಣಗಿತ್ತು. ಅದನ್ನು ಕಂಡ ಈಲಿಶ್‌ಗೆ ಅವನು ಬಂದದ್ದೇಕೆಂದು ಆ ಕ್ಷಣವೇ ಹೊಳೆಯಿತು. “ಇವನನ್ನ ಹೊರಗೆ ಕಳಿಸಿ! ಹಾಮಿಯಣ್ಣ, ಎಳ್ಕೊಂಡು ಹೋಗು ಇವನನ್ನ!”

“ಮಗ ತಾಯಿ ಹತ್ರ ಬಂದ್ರೆ ತಪ್ಪೇನಮ್ಮ?” ಎಂದ ಕ್ರೆಗೀನ್, ಕರಗಿದ ದನಿಯಲ್ಲಿ.

ಫಿನ್ಲೋ ಇನ್ನಷ್ಟು ಮೃದುವಾಗಿ ಮುಂದುವರಿಸಿದ: “ಅಂದ್ಬಿಡು. ನಾಳೆ ಬಂದರಲ್ಲಿ ಎಲ್ಲರಿಗೂ ಹೇಳ್ತೀನಿ. ಕೊನೆಗೂ ನಮ್ಮವ್ವ ಸೋತು ನನ್ನ ಹೆಸರು ಕರೆದ್ಲು ಅಂತ.”

ಮುದುಕಿಯ ತುಟಿ ಬಿಗಿಯಿತು. ಸಾವಿಗೆ ಅಂಜದವಳು ಬಂದರಿನ ನಗುವಿಗೆ ಅಂಜಿದಳು.

“ನಂಗೆ ಮಗನೇ ಇಲ್ಲ,” ಎಂದಳು.

“ಅವ್ವಾ, ಬೇಕು ಅಂತ್ಲೇ ನಿನ್ನ ಕೆಣಕ್ತಿದಾನೆ! ನನ್ನ ಮುಖ ನೋಡು. ನಾನೆಲ್ಲಿ ಹೋಗ್ಲಿ?”

“ನೀನೂ ಅವನ ಕಡೆಯವಳೇ. ನಾನು ಸೋಲೋದೇ ನಿಂಗೂ ಬೇಕು.”

ಹಗಲಿರುಳೆನ್ನದೆ ತನ್ನ ಹೇಲುಚ್ಚೆ ಬಾಚಿದ ಮಗಳಿಗೆ ಆ ತಾಯಿ ಆಡಿದ ಕಡೆಯ ಮಾತು ಇದು. ಮಾರನೆಯ ದಿನ ಕಡಲಿನ ಇಳಿತದೊಂದಿಗೆ ಅವಳ ಉಸಿರೂ ಇಳಿಯಿತು.

ದ್ವೀಪದ ರೂಢಿಯಂತೆ ಹೆಣದ ಎದೆಯ ಮೇಲೆ ಉಪ್ಪಿನ ತಟ್ಟೆಯಿಟ್ಟು ಜಾಗರಣೆ ಕೂತಾಗ ಹಾಮಿ ಈಲಿಶ್‌ಳನ್ನು ಮೂಲೆಗೆ ಕರೆದ. “ನಂಗೆ ಆ ಹೆಸರು ಕೇಳಿಸಿತ್ತು ಅಂತೀನಿ. ಕ್ರೆಗೀನನ್ನೂ ನಾನೇ ಒಪ್ಪಿಸ್ತೀನಿ, ಅರ್ಧ ಕಿವುಡ ಅವನು. ನೀನು ಹೂಂ ಅನ್ನು, ಸಾಕು.”

ಈಲಿಶ್ ಹೆಣದ ಕಡೆ ನೋಡಿದಳು. ಹೂಂ ಎಂದರೆ ಸೂರು. ಉಹೂಂ ಎಂದರೆ ಬೀದಿ. “ಬದುಕಿದ್ದಾಗ ಅವಳ ಬಾಯಿಗೆ ಬರದೇ ಇದ್ದದ್ದನ್ನ ಸತ್ತ ಮೇಲೆ ನಾನು ತುರುಕಲಾರೆ, ಹಾಮಿಯಣ್ಣ. ಬೈಬಲ್ ಮುಟ್ಟಿ ಸುಳ್ಳಾಡಬೇಡ.”

ಉಯಿಲುಗಳನ್ನು ವಿಚಾರಿಸುವ ಇಗರ್ಜಿಯ ನ್ಯಾಯಸಭೆಯಲ್ಲಿ ಇಬ್ಬರು ಸಾಕ್ಷಿಗಳೂ ಸತ್ಯವನ್ನೇ ನುಡಿದರು. ಉಯಿಲು ಬಿದ್ದುಹೋಯಿತು. ಪಾಲುಮಾಡಲು ನೆರೆಹೊರೆಯ ನಾಲ್ವರು ಗೌರವಸ್ಥರು ಬಂದರು. ಮೊದಲು ಗೋಡೆಯಾಚೆ ಕೂತು ಫಿನ್ಲೋನ ಹೆಂಡತಿ ಬಹೀ ಬಡಿಸಿದ ಮಾಂಸವನ್ನುಂಡು, ಅವಳು ತುಂಬಿಸಿದ ಬಿಯರನ್ನು ಕುಡಿದರು. ಆಮೇಲೆ ಈಚೆ ಬಂದು ಬೆಲೆ ಕಟ್ಟಿದರು. ಹಸು ಮುದಿ ಎಂದರು. ಆ ವರ್ಷವಷ್ಟೇ ಎರಡನೆಯ ಕರು ಹಾಕಿತ್ತದು. ಮಗ್ಗ ಹುಳುಕು ಎಂದರು. ಜೋನಿ ಕೊಳೆತು ಸತ್ತ ಹಾಸಿಗೆ ಮಾತ್ರ ಬಹಳ ಒಳ್ಳೆಯ ಹಕ್ಕಿಗರಿಯದೆಂದು ಅವರಿಗೆ ಕಂಡಿತು. ಹಾಸಿಗೆ, ಕಂಬಳಿ, ಮಡಕೆಗಳು ಈಲಿಶ್‌ಗೆ. ಹಸು, ಮಗ್ಗ, ಉಣ್ಣೆಗಳು ಫಿನ್ಲೋಗೆ. ಸಮಪಾಲು! ನಾಲ್ವರೂ ದೇವರ ಹೆಸರಿನಲ್ಲಿ ಪ್ರಮಾಣಮಾಡಿಯೇ ಈ ಕೆಲಸ ಮಾಡಿದರು ಎಂಬುದನ್ನು ಇಲ್ಲಿ ಮರೆಯದೆ ಹೇಳಬೇಕು.

ಈಲಿಶ್ ಹಾಸಿಗೆಯನ್ನು ಸುತ್ತಿ ಬಾಗಿಲಿಗೆ ತಂದಾಗ ಬಹೀ ಅಡ್ಡನಿಂತಳು.

“ಅದನ್ನ ಹೊತ್ಕೊಂಡು ಎಲ್ಲಿಗೆ ಹೊರಟೆ ತಾಯಿ, ಮೆರವಣಿಗೆ? ಮಗ್ಗ ಇಲ್ಲೇ ಇರತ್ತೆ. ನೀನೂ ಇರು. ನೇಯಿ, ಹೊಟ್ಟೆಗೆ ಹಾಕ್ತೀವಿ.”

“ಕೂಲಿ?”

“ಮನೆ ಮಗಳಿಗೆ ಕೂಲಿ ಕೊಡ್ತಾರೇನೇ, ಅವಮಾನ ಅಲ್ವಾ ನಿಂಗೆ?”

ಹೊರಗೆ ದಾರಿಯ ಮೇಲೆ ಚೀಲ ಹೊತ್ತ ಮುದುಕಿಯೊಬ್ಬಳು ಮಳೆಯಲ್ಲಿ ನಡೆದಿದ್ದಳು. ಈಲಿಶ್ ಅವಳನ್ನೇ ನೋಡುತ್ತ ನಿಂತಳು. ಆಮೇಲೆ ಹಾಸಿಗೆಯನ್ನು ಕೆಳಗಿಟ್ಟಳು.

ಅವಳು ನೇಯ್ದ ಬಟ್ಟೆಯನ್ನು ಫಿನ್ಲೋ ಸಂತೆಯಲ್ಲಿ ಮಾರಿದ. ಹಸುವಿನ ಬೆಣ್ಣೆಯನ್ನು ಬಹೀ ಮಾರಿದಳು. ಈಲಿಶ್‌ಗೆ ಮಜ್ಜಿಗೆ, ಬಾರ್ಲಿಯ ರೊಟ್ಟಿ, ಅವರುಂಡು ಬಿಟ್ಟ ಮೀನಿನ ತಲೆ. ಮನೆಗೆ ಬಂದವರೆದುರು ಫಿನ್ಲೋ ಮಗ್ಗದ ಕಡೆ ಕೈತೋರಿಸಿ ಹೇಳುತ್ತಿದ್ದ: “ನಮ್ಮ ತಂಗಿ. ಗತಿಯಿಲ್ಲದವಳು. ಬೀದಿಗೆ ಬಿಡೋಕಾಗತ್ತಾ?” ಬಂದವರು ಅವನ ಒಳ್ಳೆಯತನಕ್ಕೆ ತಲೆದೂಗಿ, ಇಂಥ ಅಣ್ಣ ಎಲ್ಲರಿಗೂ ಸಿಗುವುದಿಲ್ಲವೆಂದು ಈಲಿಶ್‌ಗೆ ಬುದ್ಧಿ ಹೇಳಿ ಹೋಗುತ್ತಿದ್ದರು. ಆ ಮಾತಿನ ನಡುವೆಯೂ ಅವಳು ಲಾಳಿಯನ್ನು ನಿಲ್ಲಿಸುವಂತಿರಲಿಲ್ಲ; ನಿಲ್ಲಿಸಿದರೆ ಸಂಜೆಯ ರೊಟ್ಟಿ ಅಷ್ಟು ಕಡಿಮೆಯಾಗುತ್ತಿತ್ತು.

ಫಿನ್ಲೋ ಕೆಟ್ಟವನು ಎಂದು ಹೇಳಿ ಪುಸ್ತಕ ಮುಚ್ಚುವುದು ಸುಲಭ. ಕೆಟ್ಟವನಿಗೆ ಬೀಗದ ಕೈಯನ್ನು ಒಪ್ಪಿಸಿದ್ದು ಒಂದು ಹಠ. ಅದನ್ನು ನಾವು ಮಾನ, ಆಣೆ, ಸ್ವಾಭಿಮಾನ ಎಂದೆಲ್ಲ ಮುದ್ದಿಸಿ ಮನೆಯಲ್ಲಿಟ್ಟು ಬೆಳೆಸುತ್ತೇವೆ. ಓದುಗರೇ, ನೀವು ಎತ್ತದೆ ಬಿಟ್ಟ ಹೆಸರೊಂದು ನಿಮ್ಮಲ್ಲಿದ್ದರೆ ಇಂದೇ, ನಾಲಿಗೆ ಹೊರಳುತ್ತಿರುವಾಗಲೇ, ಅದನ್ನು ಉಚ್ಚರಿಸಿ. ಕೊಡಬೇಕಾದ ಆರು ಪೆನ್ನಿಯನ್ನು ಅವನ ಮುಂದೆ ಎಸೆಯಿರಿ. ಆಮೇಲೆ, ನಿಮ್ಮ ಕೈಹಿಡಿದು ಕೂತವಳ ಪಾಲನ್ನು ಅವಳ ಕೈಗೇ ಕೊಟ್ಟುಬಿಡಿ.