ಇಕ್ಕಟ್ಟಾದ ಸಾಲುಗಳು

ಮೇಡ್ಲೇರಿಯಲ್ಲಿ ಈಗ ಯಾವ ಸುದ್ದಿಯಾದರೂ ಮೊದಲು ಮೊಬೈಲಿಗೇ ಬರುತ್ತದೆ. ಓದಲು ಬಂದರೆ ಸರಿ, ಬಾರದಿದ್ದರೆ ಅವರವರ ಹಣೆಬರಹ. ಅಣೆಕಟ್ಟಿನಿಂದ ಹೊಳೆಗೆ ನೀರು ಬಿಡುವ ಸುದ್ದಿಯೂ ಹಾಗೆಯೇ ಬಂತು. ಕಣ್ಣು ಮಂಜಾಗಿದ್ದ ಹಾಲಸಿದ್ದಪ್ಪ ಮೊಬೈಲನ್ನು ಹೆಂಡತಿ ಸುಶೀಲವ್ವನ ಕೈಗೆ ಕೊಟ್ಟ. ನಾಳೆ ಮುಂಜಾನೆ ಬಿಡುತ್ತಾರಂತೆ ಎಂದು ಆಕೆ ಓದಿ ಹೇಳಿದಳು. ಅಷ್ಟರೊಳಗೆ ಹೊಳೆಯಲ್ಲಿಟ್ಟಿದ್ದ ಪಂಪ್‌ಸೆಟ್ಟನ್ನು ದಂಡೆಗೆ ತರುತ್ತೇನೆಂದು ಆತ ಹೊಳೆಗಿಳಿದ. ನೀರು ಆ ದಿನವೇ ಬಂತು. ಹೆಣ ಸಿಕ್ಕಿದ್ದು ಕೆಳಗಿನ ಊರಿನ ದಂಡೆಯಲ್ಲಿ.

"ಅವರನ್ನ ನಾನಽ ಹೊಳಿಗೆ ಕಳಿಸಿ ಕೊಂದೇನಿ" ಎನ್ನುತ್ತ ಸುಶೀಲವ್ವ ಊಟ ಬಿಟ್ಟಳು. ಆ ಸಂದೇಶವನ್ನು ಚಿತ್ರ ಮಾಡಿ ಊರಿನ ವಾಟ್ಸಾಪ್ ಗುಂಪಿಗೆ ಹಾಕಿದವನು ಸತ್ತವನ ತಮ್ಮ ಶಶಿಕಾಂತ. ತಾನು ಬರೆದದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ, ಅತ್ತಿಗೆಗೇ ಓದಲು ಬರುವುದಿಲ್ಲ ಎಂದು ಅವನು ಬಂದವರ ಮುಂದೆಲ್ಲ ಹೇಳಿದ.

ನೆರೆಮನೆಯ ಪುಷ್ಪಲತಾ ರಾಣೆಬೆನ್ನೂರಿನ ಮುದ್ರಣಾಲಯವೊಂದರಲ್ಲಿ ಕಂಪ್ಯೂಟರಿನ ಮೇಲೆ ಪುಟ ಜೋಡಿಸುತ್ತಾಳೆ. ಮಾತನಾಡಿಸಲು ಬಂದವಳು ಸುಶೀಲವ್ವನ ಮೊಬೈಲಿನಲ್ಲಿ ಅದೇ ಸಂದೇಶ ತೆರೆದು ಶಶಿಕಾಂತನಿಗೆ ಕೊಟ್ಟಳು.

"ಶಶಿಯಣ್ಣಾರ, ನೀವಽ ಒಮ್ಮೆ ಓದ್ರಿ."

ಅಕ್ಷರ ಸಣ್ಣವು. ದೊಡ್ಡದು ಮಾಡಿದರೆ ಸಾಲು ಪರದೆಯಾಚೆ ಹೋಗುತ್ತಿತ್ತು. ಸಾಲಿನ ಕೊನೆಯವರೆಗೆ ಬಲಕ್ಕೆ ಸರಿಸಿ, 'ಹೊಳೆಗೆ ನೀರು ಬಿಡುವ ಸಮಯ' ಎಂದು ಓದಿದ. ಮತ್ತೆ ಎಡಕ್ಕೆ ಬಂದು, 'ನಾಳೆ ಮುಂಜಾನೆ' ಎಂದ. ಮುಂದಿನ ಪದಗಳನ್ನು ಕಂಡು ಮತ್ತೆ ಮೇಲಿನಿಂದ ಓದಿದ. ನಾಳೆ ಮುಂಜಾನೆ ಇದ್ದದ್ದು ಅದೇ ಚಿತ್ರದಲ್ಲಿದ್ದ ಇನ್ನೊಂದು ಸುದ್ದಿ, ಪಂಚಾಯಿತಿ ಸಭೆ. 'ಇಂದು ಮಧ್ಯಾಹ್ನ' ಎಂಬುದು ಅದರ ಮೇಲಿನ ಸಾಲಿನ ಮೊದಲಲ್ಲಿತ್ತು. ಬರೆದವನಿಗೇ ಸಾಲು ತಪ್ಪಿತ್ತು.

ಎಲ್ಲವನ್ನೂ ಒಂದೇ ಚಿತ್ರದಲ್ಲಿ ಹಿಡಿಸಬೇಕೆಂದು ಒತ್ತಿ ಬರೆದಿದ್ದೆ ಎಂದು ಅವನು ಒಪ್ಪಿಕೊಂಡ.

"ಸಾಲು ಉದ್ದ ಆದ್ರ ಕಣ್ಣು ತಿರುಗಿ ಬರೂದ್ರಾಗ ದಾರಿ ತಪ್ಪತೈತ್ರಿ" ಎಂದಳು ಪುಷ್ಪಲತಾ. "ನಡುವ ಜಾಗಾನೂ ಬಿಟ್ಟಿಲ್ಲ. ಮ್ಯಾಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಮ್ಯಾಲ ಕುಂತಾವ. ಅಕ್ಕಾರದೇನೂ ತಪ್ಪಿಲ್ಲ."

ಶಶಿಕಾಂತ ಅತ್ತಿಗೆಯ ಮುಂದೆ ಬಂದು ಕುಳಿತ. "ವೈನಿ, ತಪ್ಪು ನಂದೈತ್ರಿ. ಅಣ್ಣನ್ನ ಕಳಕೊಂಡೆ, ಮತ್ತ ನಿಮ್ಮ ಮ್ಯಾಲ ತಪ್ಪು ಹೊರಿಸಿದೆ."

ಸುಶೀಲವ್ವ ಅಂದು ಮನಸಾರೆ ಅತ್ತಳು. ಹೋದ ಜೀವ ಬರಲಿಲ್ಲ. ಈಗ ಶಶಿಕಾಂತ ಯಾವ ಸಂದೇಶ ಮಾಡಿದರೂ ಮೊದಲು ಆಕೆಗೆ ತೋರಿಸುತ್ತಾನೆ. ಆಕೆ ತೊಡರದೆ ಓದಿದರೆ ಮಾತ್ರ ಊರಿನ ಗುಂಪಿಗೆ ಹಾಕುತ್ತಾನೆ.

ಗುಂಪುಗಳಿಗೆ ಸಂದೇಶ ಹಾಕುವ ಅಣ್ಣಂದಿರೇ, ಅಕ್ಕಂದಿರೇ, ಸಾಲು ಚಿಕ್ಕದಿರಲಿ. ಸಾಲುಗಳ ನಡುವೆ ಉಸಿರಾಡುವಷ್ಟು ಜಾಗ ಬಿಡಿ. ಒಂದು ವಿಷಯ ಮುಗಿದ ಮೇಲೆ ಒಂದು ಖಾಲಿ ಸಾಲು ಬಿಟ್ಟು ಇನ್ನೊಂದು ಬರೆಯಿರಿ. ಕಳಿಸುವ ಮುನ್ನ ಸಣ್ಣ ಮೊಬೈಲಿನಲ್ಲಿ ನೀವೇ ಓದಿ ನೋಡಿ. ನಿಮ್ಮ ಸಂದೇಶವನ್ನು ನಂಬಿ ಹೊಳೆಗಿಳಿಯುವವರು ಇದ್ದಾರೆ.