ಬೋರಮಾಳದೊಳಗಿನ ಅರಗು

ಮೂವತ್ತು ವರ್ಷ ಬಸ್ಸು ಓಡಿಸಿದವನು ನಾನು. ಎದುರಿಗೆ ಲಾರಿ ನುಗ್ಗಿ ಬಂದರೂ ಹೆದರಿದವನಲ್ಲ. ಆದರೆ ನಿವೃತ್ತಿಯ ದುಡ್ಡು ಕೈಗೆ ಬಂದ ಮೇಲೆ ಹೆಂಡತಿ ಉಡಚವ್ವನ ಎದುರು ಕೂರುವುದಕ್ಕೇ ಹೆದರಿಕೆಯಾಗತೊಡಗಿತು.

"ಅರ್ಧ ರೊಕ್ಕದ್ದು ಬಂಗಾರ ತಗೊಳ್ಳೂಣ್ರಿ," ಎನ್ನುತ್ತಿದ್ದಳು.

"ಎಲ್ಲಾ ಪೋಸ್ಟಿನ್ಯಾಗ ಇಡೂಣು, ಬಡ್ಡಿ ಬರ್ತೈತಿ. ಬಂಗಾರ ಏನ್ ಟ್ರಂಕಿನ್ಯಾಗ ಕುಂತು ಮೊಟ್ಟಿ ಇಡ್ತೈತೇನ?"

"ನಿಮಗೇನ್ ಗೊತ್ರಿ? ನಮ್ಮಪ್ಪ ಸತ್ತಾಗ ಹೊಲ ದೊಡ್ಡಪ್ಪಗ ಹೋತು, ಮನಿ ಕಾಕಾಗ ಹೋತು. ನಮ್ಮವ್ವನ ಕೈಯಾಗ ಉಳದದ್ದು ಬೋರಮಾಳ ಒಂದ. ನಾಳೆ ನಾ ಯಾರ ಮುಂದ ಕೈ ಒಡ್ಡಲಿ?"

ಆ ಬೋರಮಾಳ, ಅಂದರೆ ಬೋರೆಹಣ್ಣಿನಂಥ ಗುಂಡುಗಳ ಸರವನ್ನು, ನಮ್ಮ ಮದುವೆಯಲ್ಲಿ ಅತ್ತೆ ಹುಚ್ಚವ್ವ ಮಗಳ ಕೊರಳಿಗೆ ಹಾಕಿದ್ದರು. ಮರುದಿನವೇ ಅದು ಮುಪ್ಪಿನ ಕಾಲಕ್ಕೆಂದು ಟ್ರಂಕು ಸೇರಿತು. ದೀಪಾವಳಿಯ ಲಕ್ಷ್ಮಿ ಪೂಜೆಗೆ ಮಾತ್ರ ಹೊರಬರುತ್ತಿತ್ತು. ಪೂಜೆ ಮುಗಿದ ಕೂಡಲೇ ಉಡಚವ್ವ ಕಿರಾಣಿ ಅಂಗಡಿಗೆ ಹೋಗಿ, ಬುಡ್ಡೇಸಾಬ ಏಲಕ್ಕಿ ತೂಗುವ ತಕ್ಕಡಿಯಲ್ಲಿ ಅದನ್ನು ತೂಗಿಸುತ್ತಿದ್ದಳು. "ನಾಕು ತೊಲಿ! ಗುಂಜಿ ಕಮ್ಮಿ ಆಗಿಲ್ಲ!" ಎಂದು ಲಕ್ಷ್ಮೇಶ್ವರದ ನಮ್ಮ ಓಣಿಗೆಲ್ಲ ಕೇಳುವಂತೆ ಸಾರುತ್ತಿದ್ದಳು.

ಕಡೆಗೊಂದು ದಿನ, "ನಡ್ರಿ ಮುಳಗುಂದಕ್ಕ. ನಮ್ಮವ್ವನ ಬಂಗಾರ ಎಷ್ಟು ಬೆಳದೈತಿ ಅಂತ ಪತ್ತಾರನ ಬಾಯಿಲೇ ಕೇಳ್ರಿ," ಎಂದು ಹೊರಟೇಬಿಟ್ಟಳು.

ಪತ್ತಾರ ಮೌನೇಶ ಆ ಸರ ಮಾಡಿದ ಅಕ್ಕಸಾಲಿಗನ ಮಗ. ಒಂದು ಗುಂಡನ್ನು ಹೊರಳಿಸಿ ನೋಡಿ, ಅದರ ತೂತಿನಲ್ಲಿ ಸೂಜಿಯಾಡಿಸಿದ. ತುದಿಗೆ ಕೆಂಪು ಪುಡಿ ಹತ್ತಿತು.

"ಅಕ್ಕಾರ, ಒಳಗ ಅರಗು ತುಂಬೈತ್ರಿ. ಬಂಗಾರ ಅಂದ್ರ ಮ್ಯಾಲಿನ ತಗಡಷ್ಟ. ಎರಡು ತೊಲಿ ಇದ್ದೀತು."

"ನಮ್ಮವ್ವಗ ಮೋಸ ಆಗಿತ್ತೇನ?"

"ಛೇ ಛೇ! ಬೋರಮಾಳ ಮಾಡೂದ ಹಂಗ್ರಿ. ನಮ್ಮಪ್ಪ ಎರಡು ತೊಲಿ ರೊಕ್ಕಾನ ತಗೊಂಡಿರ್ತಾನ."

ಅಯ್ಯೋ ಶಿವನೇ, ಇಷ್ಟು ವರ್ಷ ನಾವು ಅರಗನ್ನೂ ಬಂಗಾರದ ಲೆಕ್ಕದಲ್ಲೇ ತೂಗಿದ್ದೆವು!

ಉಡಚವ್ವ ಸೂಜಿಯ ತುದಿಯ ಕೆಂಪು ಪುಡಿಯನ್ನು ಮುಟ್ಟಿ ನೋಡಿದಳು. ಅವಳು ಸೋತದ್ದನ್ನು ನಾನು ಕಂಡದ್ದೇ ಅಪರೂಪ. "ಆತ್ರಿ, ನಿಮ್ಮ ಮಾತ ಖರೆ. ಎಲ್ಲಾ ಪೋಸ್ಟಿನ್ಯಾಗ ಇಡ್ರಿ," ಎಂದಳು. ಕಣ್ಣು ನೆಲದ ಮೇಲಿತ್ತು.

ನಾನು ಗೆದ್ದಿದ್ದೆ. ಅಣಕಿಸುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ಆಗ ನೆನಪಾಯಿತು. ಎಂಟು ವರ್ಷದ ಹಿಂದೆ, ಅವಳು ಬೇಡವೆಂದರೂ ಕೇಳದೆ ಯಾವುದೋ ಫೈನಾನ್ಸಿನಲ್ಲಿ ಉಳಿತಾಯವನ್ನೆಲ್ಲ ಇಟ್ಟಿದ್ದೆ. ಅವರು ಬೀಗ ಜಡಿದು ಓಡಿಹೋದ ದಿನ ನನಗೆ ಅನ್ನ ಸೇರಲಿಲ್ಲ. ಈ ಬಾಯಿಬಡುಕಿ ಬಿಸಿ ರೊಟ್ಟಿ ಮುಂದಿಟ್ಟು "ಉಣ್ರಿ" ಎಂದಳು, ಅಷ್ಟೇ. ಆಮೇಲೆ ಎಷ್ಟು ಜಗಳವಾದರೂ ಆ ಮಾತನ್ನು ಒಮ್ಮೆಯೂ ಎತ್ತಿಲ್ಲ. ನನಗೆ ನಾಚಿಕೆಯಾಯಿತು.

"ಮೌನೇಶಪ್ಪ, ಈ ಅರಗು ತಗದ್ರ ಏನಾಗ್ತೈತಿ?" ಎಂದೆ.

"ಬೆರಳಿಲೆ ಒತ್ತಿದ್ರ ಸಾಕ್ರಿ, ಗುಂಡು ನೆಗ್ಗಿ ಹೋಗ್ತಾವ. ಅರಗು ಐತಿ ಅಂತನ ಇಷ್ಟು ವರ್ಷ ದುಂಡಗ ಉಳದಾವ."

"ಕೇಳಿದ್ಯಲ್ಲ?" ಎಂದು ಉಡಚವ್ವನ ಕಡೆ ತಿರುಗಿದೆ. "ಬಂಗಾರ, ಅರಗು ಎರಡೂ ಇದ್ರನ ಗುಂಡು ದುಂಡಗ ಉಳೀತೈತಿ, ನಮಗೂ ಎರಡೂ ಬೇಕು. ರೊಕ್ಕದ ಐದು ಪಾಲಿನ್ಯಾಗ ಒಂದು ಪಾಲು ಬಂಗಾರ ತಗೊಳ್ಳೂಣು. ಸರ ಬ್ಯಾಡ, ಬಳಿ ಬ್ಯಾಡ, ಗಟ್ಟಿ ನಾಣ್ಯ. ಲಾಕರ್ ನಿನ್ನ ಹೆಸರಿಲೆ. ಉಳದ ನಾಕು ಪಾಲು ಪೋಸ್ಟಿನ್ಯಾಗ, ಇಬ್ಬರ ಹೆಸರಿಲೆ."

"ಸಮಾಧಾನ ಮಾಡಾಕ ಹೇಳ್ತೀರಿ."

"ಖರೇನ ಹೇಳಾಕತ್ತೀನಿ. ನಾ ಸತ್ತ ಮ್ಯಾಲ ನೀ ಯಾರ ಮುಂದೂ ಕೈ ಒಡ್ಡಬಾರದು."

"ಬಿಡ್ತು ಅನ್ರಿ!" ಎಂದು ಗದರಿದಳು. ಹಳೆಯ ಉಡಚವ್ವ ವಾಪಸು ಬಂದಿದ್ದಳು. ಸೆರಗಿನಿಂದ ಕಣ್ಣೊರೆಸಿಕೊಂಡು, "ಆತು, ಐದರಾಗ ಒಂದು. ಮಾತು ತಪ್ಪಬ್ಯಾಡ್ರಿ ಮತ್ತ," ಎಂದಳು.

ಪತ್ತಾರ ಸರವನ್ನು ಡಬ್ಬಿಗೆ ಹಾಕಹೋದ. ಅವಳು ಕೈ ಚಾಚಿ ಇಸಿದುಕೊಂಡು ಕೊರಳಿಗೇ ಹಾಕಿಕೊಂಡಳು.

"ಟ್ರಂಕಿಗೆ?" ಎಂದೆ.

"ಮುಪ್ಪಿಗೆ ನಾಣ್ಯ ಬರ್ತಾವಲ್ರಿ. ಇದನ್ನ ನಾ ಹಾಕ್ಕೊಂತೀನಿ."

ವಾಪಸು ಬರುವ ಬಸ್ಸಿನಲ್ಲಿ ಕಂಡಕ್ಟರ್ ಹುಲಿಗೇಶ ಸಿಕ್ಕ. ನನ್ನ ಜೊತೆ ಆರು ವರ್ಷ ಡ್ಯೂಟಿ ಮಾಡಿದವನು. ಉಡಚವ್ವನ ಕೊರಳು ನೋಡಿ, "ಏನ್ರಿ ಅಕ್ಕಾರ, ಎಷ್ಟು ತೊಲಿ?" ಎಂದು ಕೇಳಿದ.

ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

"ಎರಡ ತೊಲಿ ನೋಡಪ್ಪ!" ಇಡೀ ಬಸ್ಸಿಗೆ ಕೇಳುವಂತೆ ಹೇಳಿ ನಕ್ಕಳು. "ಉಳದದ್ದು ಅರಗು!"