ತಗಡಿನ ಮೇಲಿನ ಗಂಗಾಳ

ಉಗುರಿನ ಸಂದಿಯ ಬಿಳಿ ಬಣ್ಣ ಬಿಡುತ್ತಿರಲಿಲ್ಲ. ಹಸನ್‌ಸಾಬನ ಹೆಣಕ್ಕೆ ಸ್ನಾನ ಮಾಡಿಸುತ್ತಿದ್ದ ಗೆಳೆಯ ನನ್ನೇಸಾಬ ಪರದೆಯಾಚೆಯಿಂದ ಕೂಗಿದ.

“ಪಂಪಮ್ಮಾ, ಇನ್ನಷ್ಟು ಚಿಮಣಿ ಎಣ್ಣಿ ಕೊಡವ್ವಾ. ಉಗುರಿಗೆ ನೀರು ಮುಟ್ಟದಿದ್ರ ಸ್ನಾನ ಆಗಂಗಿಲ್ಲ.”

ಪಕ್ಕದ ಮನೆಯ ಪಂಪಮ್ಮ ತನ್ನ ಕಂದೀಲನ್ನೇ ಬಗ್ಗಿಸಿ ಬಟ್ಟಲು ತುಂಬಿಸಿದಳು. “ಮದುವಿ ದಿನಾನೂ ಬಣ್ಣದ ಕೈಲೇ ಕುಂತಿದ್ರಂತಲ್ರಿ?”

“ಹೂಂ. ಆವತ್ತೂ ನಾನ ತಿಕ್ಕಿದ್ದೆ. ಆವತ್ತು ಬೈದಿದ್ದ ಮಗ. ಇವತ್ತು ಸುಮ್ಮನದಾನ.”

ಒಳಗೆ ಹಸನ್‌ಸಾಬನ ಹೆಂಡತಿ ರಹೀಮಾಬೀ ತಲೆಯೆತ್ತಿದಳು. “ಬಿಳಿ ಬಣ್ಣಾನಾ? ನಿನ್ನಿ ಅವರು ಯಾವ ಟ್ರಂಕಿಗೂ ಬಣ್ಣ ಹಚ್ಚಿಲ್ಲಲ್ಲ!”

“ಸಂಜಿಮಟ ಹಿತ್ತಲದಾಗ ತಗಡು ಹಿಡ್ಕೊಂಡು ಕುಂತಿದ್ರಕ್ಕಾ,” ಎಂದಳು ಪಂಪಮ್ಮ.

* * *

ವರ್ಷಗಳ ಹಿಂದೆ, ನಿಜಾಮನ ಸೀಮೆಗೆ ಸೈನ್ಯ ನುಗ್ಗಿದ ಪೊಲೀಸ್ ಆಕ್ಷನ್ ಗದ್ದಲದಲ್ಲಿ, ಅವರ ಮಗ ಬಾಬುಸಾಬ್ ಮಸ್ಕಿಯಿಂದ ಬಂಡಿಯಲ್ಲಿ ಟ್ರಂಕು ಹೇರಿಕೊಂಡು ಸಿಂಧನೂರಿಗೆ ಹೋಗಿದ್ದ. ಖಾಲಿ ಬಂಡಿ ಎಳೆದುಕೊಂಡು ಎತ್ತುಗಳಷ್ಟೇ ತಿರುಗಿ ಬಂದವು. ಮದುವೆಯ ಟ್ರಂಕುಗಳ ಮೇಲೆ ಹೂಬಳ್ಳಿ ಬರೆಯುತ್ತಿದ್ದ ಹಸನ್‌ಸಾಬ್ ಒಂದು ಹಳೆ ತಗಡಿನ ಮೇಲೆ ಮಗನ ಊಟವನ್ನು ಬರೆದ: ಉಣ್ಣುವ ಗಂಗಾಳ, ಎರಡು ರೊಟ್ಟಿ, ಪುಂಡಿಪಲ್ಯ, ತುಂಬಿದ ಚೆಂಬು. ಒಲೆಯ ಎದುರು ಗೋಡೆಗೆ ತೂಗುಹಾಕಿದ.

“ಹುಡುಗನ ಹೆಸರಿಲೆ ಒಂದು ಫಾತೆಹಾ ಓದಸೂನು,” ಎಂದು ರಹೀಮಾಬೀ ಪ್ರತಿವರ್ಷ ಕೇಳುತ್ತಿದ್ದಳು.

“ಸತ್ತವರಿಗೆ ಓದಸ್ತಾರ ಅದನ್ನ. ಉಣ್ಣಾಕ ಬರೋವನಿಗೆ ಓದಸ್ತೀ ಏನ?”

ಆಮೇಲೆ ಅವಳು ಒಲೆಯ ಹೊಗೆಯ ನೆಪದಲ್ಲಿ ಅಳುತ್ತಿದ್ದಳು.

* * *

ರಹೀಮಾಬೀ ಎದ್ದು ನೋಡಿದಾಗ ಗೋಡೆಯ ಮೊಳೆ ಖಾಲಿಯಿತ್ತು. ತಗಡು ಹಿತ್ತಲಲ್ಲಿ ಬಿಸಿಲಿಗೆ ಮುಖಮಾಡಿ ಒರಗಿತ್ತು. ಚಿತ್ರದಲ್ಲಿ ಈಗ ರೊಟ್ಟಿ, ಪಲ್ಯ ಇರಲಿಲ್ಲ. ತೊಳೆದ ಗಂಗಾಳ ಬೋರಲು ಬಿದ್ದಿತ್ತು, ಪಕ್ಕದಲ್ಲಿ ಚೆಂಬೂ ಬೋರಲು. ಅಂಚಿನ ಬಿಳಿ ಹೊಳಪು ಇನ್ನೂ ಹಸಿ.

“ಪಂಪಮ್ಮಾ, ಇನ್ನ ಉಣ್ಣೋರು ಯಾರೂ ಇಲ್ಲಾಂದ್ರ ಹಿಂಗ ಇಡ್ತೀವಲ್ಲ?”

ಪಂಪಮ್ಮ ರಹೀಮಾಬೀಯ ತಲೆಯಿಂದ ಜಾರಿದ ಸೆರಗನ್ನು ಎತ್ತಿ ಹೊದಿಸಿದಳು.

ಹೆಣ ಎತ್ತುವ ಮೊದಲು ರಹೀಮಾಬೀ ಬಾಗಿಲಿಗೆ ಬಂದಳು. “ನನ್ನೇಭಾಯಿ, ದುವಾ ಮಾಡೂವಾಗ ನನ್ನ ಬಾಬುನ ಹೆಸರೂ ಹೇಳ್ರಿ.”

ಹೆಗಲು ಕೊಡಲು ಬಾಗಿದ್ದ ನನ್ನೇಸಾಬ ತಿರುಗಿದ.

“ಅಂವ ಒಪ್ಪತಿದ್ದಿಲ್ಲಲ್ಲ, ಭಾಬಿ?”

“ನಿನ್ನಿ ಒಪ್ಪ್ಯಾರ.”

ಖಬರಸ್ತಾನದಲ್ಲಿ ತೋಡಿದ್ದು ಒಂದೇ ಕುಣಿ. ಮಣ್ಣು ಮುಚ್ಚಿದ ಮೇಲೆ ಎಲ್ಲರೂ ಹೊರಟರು, ನನ್ನೇಸಾಬ ಮಾತ್ರ ಗುದ್ದಲಿ ಹಿಡಿದು ಹಿಂದೆ ಉಳಿದ. ಅವನೂ ಊರ ಕಡೆ ತಿರುಗಿದಾಗ ಅಲ್ಲಿ ಹಸಿಮಣ್ಣಿನ ದಿಬ್ಬಗಳು ಎರಡಿದ್ದವು, ಎರಡರ ಮೇಲೂ ನೀರು ಚಿಮುಕಿಸಿತ್ತು.